ಟೈರಿನ ಲಾರಿ ಬರುವ ಮೊದಲು

ಭಟ್ಟಿ ಪಕ್ಕದ ಮನೆ,
ಸೋಮವಾರ ಬೆಳಗ್ಗೆ

ಪ್ರೀತಿಯ ತಂಗೀ,

ಹೇಗಿದ್ದೀಯ? ಭಾವನವರ ಮಂಡಿ ಈಗ ಮೆಟ್ಟಿಲು ಹತ್ತಲು ಬಿಡುತ್ತದೆಯೇ? ನಮ್ಮ ಗುಬ್ಬಿಗೆ ಹೊಸ ಹಲ್ಲು ಬಂತೇ, ಇನ್ನೂ ಬಾಯಿ ಮುಚ್ಚಿಕೊಂಡೇ ನಗುತ್ತಾಳೆಯೇ? ಇಲ್ಲಿ ನಿನ್ನ ಅತ್ತಿಗೆಯ ಉಬ್ಬಸ ಹಾಗೇ ಇದೆ. ಕೇಳಿದರೆ, "ನಿಮ್ಮ ಗೊರಕೆಗಿಂತ ವಾಸಿ" ಎನ್ನುತ್ತಾಳೆ.

ಸುಣ್ಣದ ಭಟ್ಟಿಯ ವಿಷಯ ಕೇಳಿದ್ದೆಯಲ್ಲ, ಉರುವಲಿನದೇ ಚಿಂತೆ. ಸೌದೆ ಕಡಿಯುವುದು ನಿಂತುಹೋಯಿತು. ಈಗ ಬರುವ ಕಲ್ಲಿದ್ದಲಿನಲ್ಲಿ ಕಲ್ಲೇ ಹೆಚ್ಚು. ಸುಣ್ಣದಕಲ್ಲು ಹೊರಗೆ ಬೆಂದು ಒಳಗೆ ಹಸಿಯಾಗಿಯೇ ಉಳಿಯುತ್ತದೆ. ನಮ್ಮ ಸುಣ್ಣ ಕೊಳ್ಳುವ ಕಾಗದದ ಕಾರ್ಖಾನೆಯವರು ಒಂದು ಲಾರಿ ಸರಕು ಪೂರ್ತಿ ವಾಪಸು ಕಳಿಸಿದರು. ಗ್ಯಾಸಿನವರು ಬಂದು ನೋಡಿ, ಇಷ್ಟು ಹಳೆಯ ಭಟ್ಟಿಗೆ ಕೊಳವೆ ಎಳೆಯುವುದಿಲ್ಲ ಎಂದು ಚಹಾ ಕುಡಿದು ಹೋದರು. ಆರಿಸಿಬಿಡೋಣವೆಂದರೆ, ಒಮ್ಮೆ ತಣ್ಣಗಾದ ಭಟ್ಟಿಯ ಒಳಗಿನ ಇಟ್ಟಿಗೆಯೆಲ್ಲ ಬಿರಿಯುತ್ತದೆ; ಮತ್ತೆ ಕಟ್ಟಿಸುವವರು ಯಾರು? ಸಾಲುಮನೆಯ ಕೆಲಸಗಾರರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದಾರೆ. ಉಳಿದದ್ದು ಹಳೇ ಟೈರು.

ಮೊನ್ನೆ ಅದನ್ನೂ ಹಾಕಿ ನೋಡಿದೆವು. ಬೆಂಕಿ ನೋಡಿಕೊಳ್ಳುವ ಮೇಸ್ತ್ರಿ, "ಅಣ್ಣಾ, ಉರಿಯೋದು ನೋಡಿ! ಇದನ್ ಬಿಟ್ಟು ಬೇರೆ ಹುಡುಕ್ತಾ ಇದ್ವಲ್ಲ, ನಮಗೇನ್ ತಲೆ ಕೆಟ್ಟಿತ್ತಾ?" ಎಂದ. ನಿಜಕ್ಕೂ, ನೀರು ಚಿಮುಕಿಸಿದ ಕೂಡಲೇ ಸುಣ್ಣ ಸಿಡಿದು, ಕುದಿದು, ಹಿಟ್ಟಿನಂತೆ ಅರಳಿತು. ಗಾಳಿ ಯಾವ ಕಡೆಗಿದೆ ಎಂದು ಯಾರೂ ನೋಡಲಿಲ್ಲ; ಎಲ್ಲರ ಕಣ್ಣೂ ಸುಣ್ಣದ ಮೇಲೆ. ಕುಣಿಯುತ್ತ ಮನೆಗೆ ಬಂದರೆ ಒಣಹಾಕಿದ ಬಟ್ಟೆಯ ಮೇಲೆಲ್ಲ ಮಸಿ. ನಿನ್ನ ಅತ್ತಿಗೆ ಮಂಚದ ಅಂಚು ಹಿಡಿದು ಬಗ್ಗಿ ಕೂತಿದ್ದಾಳೆ. ಮಾತು ಬರಲು ಎಷ್ಟೋ ಹೊತ್ತಾಯಿತು. ಬಂದ ಮೊದಲ ಮಾತು, "ಸುಣ್ಣ ಹೇಗ್ ಬಂತು?" ಚೆನ್ನಾಗಿ ಬಂತು ಎಂದೆ. "ಹಾಗಾದ್ರೆ ಅದನ್ನೇ ಹಾಕಿ. ಇಷ್ಟು ವರ್ಷ ನಿಮ್ಮ ಬಟ್ಟೆಯಿಂದ ಬಿಳಿ ಒಗ್ದೆ, ಇನ್ಮೇಲೆ ಕಪ್ಪು ಒಗೀತೀನಿ. ನಾನು ಕಿಟಕಿ ಮುಚ್ಕೋತೀನಿ, ನೀವು ಭಟ್ಟಿ ಮುಚ್ಬೇಡಿ." ನಗುತ್ತಲೇ ಅಂದಳು. ನನಗೆ ನಗು ಬರಲಿಲ್ಲ, ತಾಯೀ. ಆ ಕಿಟಕಿಯ ಬಾಗಿಲು ಸರಿಯಾಗಿ ಕೂರುವುದೂ ಇಲ್ಲ.

ಮನೆಮಂದಿಗೆಲ್ಲ ನನ್ನ ಆಶೀರ್ವಾದ. ಗುಬ್ಬಿಯ ಕೆನ್ನೆ ನನ್ನ ಪರವಾಗಿ ಹಿಂಡು.

ನಿನ್ನ
ದೊಡ್ಡಣ್ಣ

ಕಾಗದ ಮಡಚುವ ಮುಂಚೆ ಇನ್ನೊಂದು ಮಾತು: ಟೈರಿಗೆ ಒಪ್ಪಿಬಿಟ್ಟೆ. ಗುರುವಾರ ಲಾರಿ ಬರುತ್ತದೆ. ಕೆಟ್ಟ ಶ್ವಾಸಕೋಶ ಎಲ್ಲಿಗೆ ಹೋದರೂ ಸರಿಹೋಗದು ಎಂದು ಡಾಕ್ಟರು ಹೇಳಿಯಾಗಿದೆ; ಆದರೂ ಅವಳು ಈ ಹೊಗೆಯಲ್ಲಿ ಇರಬಾರದು. ನಾನು ಭಟ್ಟಿ ಬಿಟ್ಟು ಬರುವಂತಿಲ್ಲ. ನೀನು ಕರೆಸಿಕೋ. ಅವಳ ಆರೋಗ್ಯಕ್ಕೆಂದು ಬರೆದರೆ ಹೊರಡುವವಳಲ್ಲ; ನಿನಗೇ ಹುಷಾರಿಲ್ಲ, ಕೈಗೊಂದು ಆಸರೆ ಬೇಕು ಎಂದು ಸುಳ್ಳು ಬರೆ. ವಾಪಸು ಯಾವಾಗ ಎಂಬುದನ್ನು ಮಾತ್ರ ಬರೆಯಬೇಡ. ಬೇಗ ಬರೆ, ಕಾಗದ ಅವಳ ಹೆಸರಿಗೇ ಬರಲಿ.