ಎಪ್ಪತ್ತು ಅಂದರೆ ಎಪ್ಪತ್ತಲ್ಲ

ಮಾರ್ಚ್ 4, ಬೆಳಿಗ್ಗೆ 6.40

ಮತ್ತೆ ಅದೇ. ನಾನು ಓಡಿಸುವ ಎಲೆಕ್ಟ್ರಿಕ್ ವ್ಯಾನಿನ ಪರದೆಯಲ್ಲಿ ಚಾರ್ಜ್ 70 ಪರ್ಸೆಂಟ್. ಲ್ಯಾಬ್ ಮ್ಯಾನೇಜರು — ನಾನಿಟ್ಟ ಹೆಸರು ಅಪ್ಪಣೆರಾಯ — ಬೋರ್ಡಿನಲ್ಲಿ 'ಹೋಗಬಹುದಾದ ಕಿ.ಮೀ.' ಎದುರಿಗೆ 70 ಎಂದು ಬರೆದ. ಡೀಸೆಲ್ ವ್ಯಾನಿನ ಕಾಲದ ಬೋರ್ಡು.

"ಸಾರ್, ಅದು ಕಿಲೋಮೀಟರಲ್ಲ, ಪರ್ಸೆಂಟು. ಬ್ಯಾಟರಿ ಇರೋದೇ ಇಪ್ಪತ್ತು ಯೂನಿಟ್. ಈಗ ಹದಿನಾಲ್ಕಿದೆ. ಸ್ಯಾಂಪಲ್ ಫ್ರಿಜ್ಜೂ ಅದರಲ್ಲೇ ಓಡ್ಬೇಕು. ಯೂನಿಟ್‌ಗೆ ನಾಲ್ಕು ಕಿಲೋಮೀಟರ್ ಬಂದ್ರೆ ಹೆಚ್ಚು."

"ಹೋಗಿ ಬರೋಕೆ ಅರವತ್ನಾಲ್ಕು. ಎಪ್ಪತ್ತಿದೆ. ಇನ್ನೂ ಆರು ಉಳಿಯುತ್ತೆ. ಹೊರಡಮ್ಮ."

ಆರು ಉಳಿಯುತ್ತಂತೆ! ಮೈಯೆಲ್ಲ ಉರಿಯಿತು. ಇವತ್ತು ಕಲೆಕ್ಷನ್ ಸೆಂಟರಿನಿಂದ ತರುವ ಸ್ಯಾಂಪಲ್‌ಗಳಲ್ಲಿ ಅಕ್ಕನ ರಕ್ತವೂ ಇದೆ. ಆ ರಿಪೋರ್ಟ್ ನೋಡಿಯೇ ಡಾಕ್ಟರ್ ಔಷಧಿ ಶುರು ಮಾಡಬೇಕು. ಹೊರಟೆ.

ಅದೇ ದಿನ, ಮಧ್ಯಾಹ್ನ 1.15

ನಿಂತೇ ಹೋಯಿತು. ಲ್ಯಾಬಿಗೆ ಇನ್ನೂ ಎಂಟು ಕಿ.ಮೀ. ಎಸಿ ಹಾಕದೆ ಬೆವರು ಸುರಿಸಿಕೊಂಡು ಬಂದಿದ್ದೆ... ಏರಿನಲ್ಲಿ ಉಳಿದದ್ದೂ ಹೋಯಿತು. ಫ್ರಿಜ್ಜೂ ಆಫ್. ಎಳೆಯುವ ಗಾಡಿಯ ಸುಳಿವಿಲ್ಲ.

ಮಾರ್ಚ್ 5

ಸ್ಯಾಂಪಲ್ ಎಲ್ಲ ಕಸಕ್ಕೆ. ಅಪ್ಪಣೆರಾಯ ಒಂದು ಕಾಗದ ಮುಂದಿಟ್ಟ — 'ಚಾರ್ಜ್ ಮಾಡಲು ಮರೆತೆ.' ಸಹಿ ಹಾಕಬೇಕಂತೆ. ತಪ್ಪು ಅವನದು, ಗೂಬೆ ನನ್ನ ತಲೆ ಮೇಲೆ. ಹಾಕಲಿಲ್ಲ.

"ಹಾಗಾದ್ರೆ ಬೇರೆ ಡ್ರೈವರ್ ಸಿಗೋವರೆಗೂ ಓಡ್ಸು. ಆಮೇಲೆ ಮನೇಲಿರು."

ಮಾರ್ಚ್ 9, ಬೆಳಿಗ್ಗೆ 10.30

ಕಲೆಕ್ಷನ್ ಸೆಂಟರ್. ಅಕ್ಕನಿಗೆ ಮತ್ತೆ ಸೂಜಿ. ನರ ಸಿಗದೆ ಐದು ಕಡೆ ಚುಚ್ಚಿದರು. ತೋಳೆಲ್ಲ ನೀಲಿ.

"ಹೋಗ್ಲಿ ಬಿಡೇ, ನೀನೇನ್ ಮಾಡ್ತೀಯ," ಅಂದಳು. ಬೈದಿದ್ದರೆ ಚೆನ್ನಾಗಿತ್ತು. ಗೊತ್ತಿದ್ದೂ ಆವತ್ತು ಹೊರಟವಳು ನಾನೇ ಅಲ್ಲವೇ?

ಇವತ್ತೂ 70ಕ್ಕೇ ಕಳಿಸಿದ್ದಾನೆ. ಬರುವಾಗ ಇಳಿಜಾರು, ಆದರೂ ಈಗ ಉಳಿದಿರುವುದು 33. ಇಲ್ಲೇ ಗೋಡೆಯ ಪ್ಲಗ್ಗಿಗೆ ಹಾಕಿದೆ. ಅಪ್ಪಣೆರಾಯನ ಫೋನ್ ಬಂತು. ಚಾರ್ಜ್ ಎಷ್ಟಿದೆ ಅಂದ, ಹೇಳಿದೆ.

"ಮೂವತ್ಮೂರಿದೆ, ದಾರಿ ಮೂವತ್ತೆರಡು. ವೈರ್ ಕಿತ್ತು ಹೊರಡು!"

"ಕೀಳಲ್ಲ."

11.20

ಏಳನೇ ಕಾಲ್. ಬಡ್ಕೊಳ್ಳಲಿ. ಪರದೆಯಲ್ಲಿ 39. ಏರಿಗೂ ಫ್ರಿಜ್ಜಿಗೂ ಸೇರಿ ಐವತ್ತು ಬೇಕು, ಅಷ್ಟಾಗುವವರೆಗೂ ಅಲುಗುವುದಿಲ್ಲ. ಅಕ್ಕನ ಟ್ಯೂಬು ಫ್ರಿಜ್ಜಿನಲ್ಲಿ ತಣ್ಣಗಿದೆ, ಈಗಷ್ಟೇ ನೋಡಿದೆ.

ಅವನ ಕಾರು ಬಂತು. ಇಳಿದ. ನನ್ನ ಕಡೆ ನೋಡದೆ ನೇರ ಪ್ಲಗ್ಗಿನ ಹತ್ತಿರ ಹೋಗುತ್ತಿದ್ದಾನೆ. ಮುಟ್ಟಲಿ, ಒಂದು ಸಲ ಮುಟ್ಟಿ ನೋಡಲಿ, ಅವನು ಕಿತ್ತಷ್ಟು ಸಲ ನಾನೂ ಮತ್ತೆ ಸಿಕ್ಕಿಸುತ್ತೇನೆ—