ಪೂರಣಿ ಮುಗಿಸಿದ ಆನೆ

ಗದಗ, ಎರಡನೆಯ ಶ್ರಾವಣದ ಮೂವತ್ತಮೂರನೆಯ ದಿನ, ಇಸವಿ ೨೩೧೯

ನನ್ನ ಮುತ್ತಜ್ಜಿಯ ಮುತ್ತಜ್ಜಿಗೂ ಹಿರಿಯರಾದ ಚನ್ನವೀರಮ್ಮ ಆಯಿಯವರಿಗೆ ಗಿರಿಜವ್ವ ಮುದೇನೂರ ಮಾಡುವ ನಮಸ್ಕಾರಗಳು.

ನಿಮ್ಮ ಕಾಲದ ಕನ್ನಡವನ್ನು ಹಳೆಯ ಕಾಗದಗಳಿಂದ ಕಲಿತವಳು ನಾನು. ಮಾತು ವಿಚಿತ್ರವೆನಿಸಿದರೆ ಕ್ಷಮಿಸಬೇಕು. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಆ ಸಿಟ್ಟು ಸ್ವಲ್ಪ ನಿಮ್ಮ ಮೇಲೂ ಇದೆ.

ನಮ್ಮ ಮನೆಗಳ ಗೋಡೆಯಲ್ಲಿ ಪೂರಣಿ ಎಂಬ ಯಂತ್ರವೊಂದು ಇರುತ್ತದೆ. ನಾವು ಶುರು ಮಾಡಿದ್ದನ್ನೆಲ್ಲ ಅದು ಮುಗಿಸಿಕೊಡುತ್ತದೆ. ಒಂದು ಸಾಲು ಗುನುಗಿದರೆ ಹಾಡು ಸಿದ್ಧ, ನಾಲ್ಕು ಚುಕ್ಕಿ ಇಟ್ಟರೆ ರಂಗೋಲಿ ಸಿದ್ಧ. ರೊಟ್ಟಿಯನ್ನು ಮಾತ್ರ ನಾವೇ ಬಡಿಯುತ್ತೇವೆ, ಅದು ಬಡಿದದ್ದು ಯಾರಿಗೂ ಸೇರುವುದಿಲ್ಲ. ಅರವತ್ತು ತುಂಬಿದವರು ತಾವು ಮಾಡಿದ ಕೆಲಸವೊಂದನ್ನು ಬಾಗಿಲಿಗೆ ತೂಗುಹಾಕುವ ಪದ್ಧತಿ ಓಣಿಯಲ್ಲಿದೆ. ಅದಕ್ಕೆ ಕೈಗುರುತು ಎನ್ನುತ್ತೇವೆ. ಹೆಸರಿಗಷ್ಟೇ ಕೈ. ಎಲ್ಲವೂ ಪೂರಣಿಯದೇ, ಎಲ್ಲವೂ ಚೆಂದ, ಯಾರೂ ತಿರುಗಿ ನೋಡುವುದಿಲ್ಲ.

ನನ್ನ ಕೈಗುರುತು ನನ್ನ ಕೈಯದೇ ಆಗಲೆಂದು ಹಟ ಹಿಡಿದು ಮೂರು ವರ್ಷ ಕಸೂತಿಯ ಆನೆಯೊಂದಕ್ಕೆ ಕೂತೆ. ದಾರಕ್ಕೆ ಗಂಟು ಹಾಕುವಂತಿಲ್ಲ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕಿ, ಬರುವಾಗ ಬಿಟ್ಟ ಜಾಗ ತುಂಬಬೇಕು. ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣಬೇಕು. ಹೋಗುವಾಗ ಒಂದೆಳೆ ತಪ್ಪಿ ಎಣಿಸಿದ್ದು ಬರುವಾಗಲೇ ಗೊತ್ತಾಗುವುದು. ಹನ್ನೊಂದು ಸಲ ಬಿಚ್ಚಿದೆ. ಕಳೆದ ತಿಂಗಳು ಮೂರು ಕಾಲು ಕೂಡಿಬಂದವು. ಬಟ್ಟೆ ತಿರುಗಿಸಿ ನೋಡಿ ಒಬ್ಬಳೇ ಗಟ್ಟಿಯಾಗಿ ನಕ್ಕೆ. ಅಷ್ಟು ಸುಖ ನನಗೆ ಯಾವುದರಿಂದಲೂ ಸಿಕ್ಕಿರಲಿಲ್ಲ ಆಯಿ.

ಮರುದಿನ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮಗಳು ಸುಗಂಧಾ ಅದನ್ನು ಪೂರಣಿಯ ಮುಂದೆ ಹಿಡಿದಿದ್ದಳು. ನಾಲ್ಕನೆಯ ಕಾಲು, ಅಂಬಾರಿ, ಗಂಟೆ ಎಲ್ಲ ಮುಗಿದಿತ್ತು. ನನ್ನ ಮೂರು ಕಾಲುಗಳನ್ನೂ ಅದು ಬಿಚ್ಚಿ ತನ್ನ ಹೊಲಿಗೆ ಹಾಕಿತ್ತು. “ಕಣ್ಣ ಕಾಣವಲ್ದು, ಸುಮ್ನ ಯಾಕ ಗುದ್ದಾಡ್ತಿ ಅಂತ ಮುಗಿಸಿಬಿಟ್ಟೆ ಯವ್ವಾ. ಮೂರ ವರ್ಷ ಕುಂತಿ, ಏನ್ ಸಿಕ್ತು ನಿನಗ?” ಎಂದಳು, ಪ್ರೀತಿಯಿಂದಲೇ. ಬಿಸಿತುಪ್ಪ ಬಾಯಲ್ಲಿಟ್ಟ ಹಾಗಾಯಿತು. ಬೈಯಲೂ ಆಗಲಿಲ್ಲ, ಏನು ಸಿಕ್ಕಿತೆಂದು ಹೇಳಲೂ ಬರಲಿಲ್ಲ. ಉತ್ತರ ಗೊತ್ತಿದ್ದೂ ಪೆದ್ದಿಯ ಹಾಗೆ ನಿಂತೆನಲ್ಲ, ಅದಕ್ಕೇ ಈ ಸಿಟ್ಟು.

ಇನ್ನು ನಿಮ್ಮ ವಿಷಯ. ಹಿಂದಿನ ಕಾಲಕ್ಕೆ ಹೋಗುವ ಅಂಚೆಯಲ್ಲಿ ಹಾಕುತ್ತಿರುವ ಈ ಕಾಗದ ನಿಮಗೆ ಮುಟ್ಟುವ ವಾರವೇ ನೀವು ಕಸೂತಿ ಬಿಡುತ್ತೀರೆಂದು ಮನೆತನದ ಕಡತದಲ್ಲಿ ಬರೆದಿದೆ. ಯಂತ್ರದ ಕಸೂತಿ ಸೀರೆ ಅಂಗಡಿಯಲ್ಲೇ ಸಿಗುತ್ತದಲ್ಲ ಎಂದು ಯಾರೋ ಅಂದರಂತೆ, ನೀವು ಸೂಜಿ ತೆಗೆದಿಟ್ಟಿರಂತೆ. ಅಷ್ಟಕ್ಕೇ! ನಿಮ್ಮಿಂದ ಮಗಳಿಗೆ, ಅವಳಿಂದ ಮುಂದಕ್ಕೆ ಬರಬೇಕಿದ್ದ ಕಸೂತಿಯ ಎಣಿಕೆ ಅಲ್ಲಿಗೇ ನಿಂತಿತು. ನನಗೆ ಕಲಿಸುವವರು ಒಬ್ಬರೂ ಉಳಿಯಲಿಲ್ಲ.

ಬಿಡಬೇಡಿ ಆಯಿ. ನಿಮ್ಮ ಸೀರೆಯನ್ನು ಯಾರೂ ಉಡದಿದ್ದರೂ ಬಿಡಬೇಡಿ. ಏನು ಸಿಗುತ್ತದೆ ಎಂದು ಕೇಳಿದವರಿಗೆ ಬಾಯಲ್ಲಿ ಹೇಳಲು ಹೋಗಬೇಡಿ. ಅವರ ಕೈಗೇ ಸೂಜಿ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಪೂರಣಿಯ ದಾರವನ್ನೆಲ್ಲ ಅಂದೇ ಬಿಚ್ಚಿ, ಮತ್ತೆ ಮೊದಲಿನಿಂದ ಹೊಲಿಯುತ್ತಿದ್ದೇನೆ. ನಾಡಿದ್ದು ನನಗೆ ಅರವತ್ತು. ಅಷ್ಟರೊಳಗೆ ಒಂದು ಕಾಲು ಮುಗಿದೀತು, ಅದನ್ನೇ ಬಾಗಿಲಿಗೆ ತೂಗುಹಾಕುತ್ತೇನೆ. ಒಂಟಿಕಾಲಿನ ಆನೆಯೆಂದು ಓಣಿಯವರೆಲ್ಲ ನಗಲಿ, ಆ ಕಾಲಿನ ಹೊಲಿಗೆ ಹಾಕಿದವಳು ನಾನು.