ರೂಪಾಯಿಗೊಂದಾಣೆ

ಬಿಟ್ಟಂಗಾಲ, ೧೧ ಜನವರಿ ೧೯೫೮, ಶನಿವಾರ

ಇವತ್ತು ಬಟವಾಡೆ. ಪ್ರಾವಿಡೆಂಟ್ ಫಂಡಿಗೆಂದು ಎಲ್ಲರ ಕೂಲಿಯಲ್ಲೂ ರೂಪಾಯಿಗೊಂದಾಣೆ ಹಿಡಿಯುವ ಕೆಲಸ ಎಸ್ಟೇಟಿನ ಲೆಕ್ಕ ಬರೆಯುವ ರೈಟರಾದ ನನ್ನ ತಲೆಗೇ ಬಿತ್ತು. ಕಾಫಿ ಹಣ್ಣು ಗಿಡದಡಿ ಉದುರುತ್ತಿದೆ. ಆಳುಗಳು ಸಿಟ್ಟಾಗಿ ಪಕ್ಕದ ಎಸ್ಟೇಟಿಗೆ ಹೋದರೆ ಗತಿಯೇನೆಂದು ಸಾಹುಕಾರ್ ಬೆಳ್ಯಪ್ಪನವರೂ ಬಂದು ಕೂತಿದ್ದರು.

"ನೀವು ಕೊಟ್ಟಷ್ಟೇ ಸಾಹುಕಾರ್ರೂ ಹಾಕ್ತಾರೆ" ಎಂದೆ.

ಮುದುಕಿ ದೊಡ್ಡಿ ನಂಬಲಿಲ್ಲ. "ಹಾಕ್ಲಿ ರೈಟ್ರೇ, ನಮ್ಮ ಕಣ್ಣೆದುರೇ ಹಾಕ್ಲಿ."

ಸಾಹುಕಾರರು ಕೋಟಿನ ಜೇಬಿಗೆ ಕೈ ಹಾಕಿ, ಒಬ್ಬೊಬ್ಬರ ಪಾಲಿನ ಪಕ್ಕ ಅಷ್ಟೇ ಚಿಲ್ಲರೆ ಇಡುತ್ತಾ ಹೋದರು. ಅರ್ಧ ಸಾಲಿಗೇ ಜೇಬು ಬರಿದಾಯಿತು. ಮಿಕ್ಕದ್ದಕ್ಕೆ ದೊಡ್ಡಿಯೇ ಎಲೆಯಡಿಕೆ ಚೀಲ ಬಿಚ್ಚಿ ಅವರಿಗೆ ಸಾಲ ಕೊಟ್ಟಳು!

"ಈ ದುಡ್ಡು ನಮ್ಮ ಕೈಗೆ ಯಾವಾಗ?" ಎಂದಳು.

"ಕೆಲಸ ಬಿಟ್ಟಾಗ. ಅದಕ್ಕೆ ಮುಂಚೆ ಸತ್ತರೆ ನೀನು ಹೆಸರು ಬರೆಸಿದವರಿಗೆ."

"ನಿಮ್ದು ಯಾರ ಹೆಸ್ರಲ್ಲಿದೆ?"

"ಯಮುನ" ಎಂದುಬಿಟ್ಟೆ.

ನನ್ನ ಹೆಂಡತಿ. ಅವಳು ತೀರಿಹೋಗಿ ಮೂರು ತಿಂಗಳಾಯಿತು. ಎಲ್ಲರೂ ತಲೆ ತಗ್ಗಿಸಿದರು. ದೊಡ್ಡಿ ಮಾತ್ರ ನನ್ನನ್ನೇ ನೋಡುತ್ತಿದ್ದಳು.

"ಅಮ್ಮ ಬಂದು ರುಜು ಹಾಕೋಕಾಗುತ್ತಾ? ನನ್ನ ಹೆಸ್ರು ಬರ್ಕೊಳ್ಳಿ ರೈಟ್ರೇ. ನೀವು ಸತ್ರೆ ಒಂದು ದಿನದ ಕೂಲಿ ಬಿಟ್ಟು ಅಳ್ತೀನಿ."

ಸಾಹುಕಾರರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಯಮುನ ಹೋದ ಮೇಲೆ ನನ್ನ ನಗು ನನಗೇ ಕೇಳಿಸಿದ್ದು ಇವತ್ತೇ.

ಸೋಮವಾರದೊಳಗೆ ಬೇರೆ ಹೆಸರು ಕೊಡಬೇಕೆಂದು ಸಾಹುಕಾರರು ಹೇಳಿದ್ದಾರೆ. ಅರ್ಜಿ ಮುಂದಿಟ್ಟುಕೊಂಡು ಕೂತೆ. ಅವಳ ಹೆಸರಿನ ಮೇಲೆ ಗೀಟು ಎಳೆಯಲು ಕೈ ಬರಲಿಲ್ಲ. ಇರಲಿ. ಸೋಮವಾರದವರೆಗೆ ಸಾಯದೆ ಇದ್ದರಾಯಿತು.